ಎಡಗಡೆಯ ಹೊಲಿಗೆ

ಅಂಗಡಿಯ ಮೇಲಿನ ಮನೆ,
ಭಾನುವಾರ ಮಧ್ಯಾಹ್ನ

ನನ್ನ ಮನೆಯ ಯಜಮಾನಿಗೆ, ಕೆಳಗಿನ ಅಂಗಡಿಯ ಟೈಲರು ಕಳಿಸುವ ಪ್ರೀತಿಯ ನೆನಪುಗಳು.

ನಿನ್ನ ಮೊಣಕಾಲು ಹೇಗಿದೆ? ಮಗಳ ಊರಿನ ಚಳಿಗೆ ಅದು ಇನ್ನಷ್ಟು ಹಿಡಿದುಕೊಂಡಿರಬೇಕು, ನೀನು ಮಾತ್ರ ಫೋನಿನಲ್ಲಿ ಏನೂ ಇಲ್ಲ ಎನ್ನುತ್ತೀಯ. ಮಗಳ ಮೈಗೆ ಸ್ವಲ್ಪವಾದರೂ ಬಲ ಬಂತೇ? ಅವಳಿಗಳಲ್ಲಿ ದೊಡ್ಡವನು ಹಾಲು ಕುಡಿದು ಕಕ್ಕುವುದನ್ನು ಬಿಟ್ಟನೇ? ಪುಟ್ಟಿಯ ಉಸಿರಾಟ ಈಗ ಸಲೀಸಾಗಿದೆಯೇ? ಅವಧಿಗೆ ಮುಂಚೆ ಬಂದ ಮಕ್ಕಳು, ಅವಸರ ಅವುಗಳ ರಕ್ತದಲ್ಲೇ ಇರಬೇಕು. ಅದು ನನ್ನ ಕಡೆಯಿಂದ ಬಂದದ್ದಲ್ಲ. ನಾನು ಹೇಳಿದ ದಿನಕ್ಕೆ ಬಟ್ಟೆ ಕೊಟ್ಟವನೇ ಅಲ್ಲ ಎಂದು ಊರಿಗೆಲ್ಲ ಗೊತ್ತು.

ದಿನಾ ಫೋನು ಮಾಡುವವನು ಇದೇನು ಪತ್ರ ಬರೆಯುತ್ತಿದ್ದಾನೆ ಎಂದು ಹುಬ್ಬು ಗಂಟಿಕ್ಕಬೇಡ. ಹೇಳೋಣವೆಂದು ಎಷ್ಟೋ ಸಲ ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಮಗು ಅಳುತ್ತದೆ, ಅದರ ಜೊತೆಗೆ ಇನ್ನೊಂದು ರಾಗ ಎಳೆಯುತ್ತದೆ, ನೀನು ‘ಆಮೇಲೆ ಮಾಡ್ತೀನಿ ರೀ’ ಎಂದು ಇಟ್ಟುಬಿಡುತ್ತೀಯ. ಒಮ್ಮೆಯಂತೂ ಮಕ್ಕಳಿಬ್ಬರೂ ಮಲಗಿದ್ದರು, ನಿನಗೂ ಪುರಸೊತ್ತಿತ್ತು. ಆಗ ನಾನೇ ಅಲ್ಲಿಯ ಚಳಿಯ ವಿಷಯ ಕೇಳಿ ಇಟ್ಟುಬಿಟ್ಟೆ. ಹಾಗಾಗಿ ಬರೆಯುತ್ತಿದ್ದೇನೆ. ಒಲೆ ಆರಿಸಿ, ಕೂತುಕೊಂಡು ಓದು.

ನೀನು ಹೋದ ಮೇಲೆ ನನ್ನ ಹೊಟ್ಟೆ ಮುಂದೆ ಬಂತು. ಹೆಂಡತಿ ಇಲ್ಲದಿದ್ದರೆ ಗಂಡಸರು ಸೊರಗುತ್ತಾರೆ, ಇವನು ನೋಡಿದರೆ ಉಬ್ಬುತ್ತಿದ್ದಾನಲ್ಲ ಎಂದು ಬೀದಿಯವರೆಲ್ಲ ಕಾಲೆಳೆದರು. ನಾನೂ ನಕ್ಕೆ. ನನಗೊಂದು ಹೊಸ ಪ್ಯಾಂಟು ಬೇಕಾಯಿತು. ನನ್ನ ಅಳತೆ ತೆಗೆಯುವವಳು ನೀನು. ‘ನಿಮ್ಮ ಅಳತೆ ನೀವೇ ತಗೊಂಡ್ರೆ ಉಸಿರು ಬಿಗಿ ಹಿಡೀತೀರಿ’ ಎಂದು ಟೇಪು ಕಿತ್ತುಕೊಳ್ಳುತ್ತಿದ್ದೆಯಲ್ಲ. ಈ ಸಲ ನಾನೇ ತೆಗೆದುಕೊಂಡೆ, ಉಸಿರು ಬಿಟ್ಟೇ ತೆಗೆದುಕೊಂಡೆ. ಕತ್ತರಿಸಿ ಹೊಲಿದು ಹಾಕಿಕೊಂಡು ಕನ್ನಡಿಯ ಮುಂದೆ ನಿಂತರೆ ಎಡಗಡೆ ಎಳೆಯುತ್ತಿತ್ತು. ಮುಂದಿನ ಇಸ್ತ್ರಿಯ ಗೆರೆ ನೇರವಾಗಿ ಇಳಿಯದೆ ಓರೆಯಾಗಿ ಹೋಗಿತ್ತು. ನನ್ನ ಕತ್ತರಿಯೇ ತಪ್ಪಿತು ಎಂದುಕೊಂಡು ಎಡಗಡೆಯ ಹೊಲಿಗೆ ಬಿಚ್ಚಿ ಸ್ವಲ್ಪ ಸಡಿಲ ಕೊಟ್ಟೆ. ಸರಿಹೋಯಿತು. ಸ್ವಲ್ಪ ದಿನಕ್ಕೆ ಮತ್ತೆ ಎಳೆಯಿತು. ಮತ್ತೆ ಬಿಚ್ಚಿದೆ. ಹೀಗೆ ಬಿಚ್ಚಿ ಬಿಚ್ಚಿ ಒಳಗೆ ಬಟ್ಟೆಯೇ ಉಳಿಯದಿದ್ದಾಗ ಒಂದು ಪಟ್ಟಿ ಜೋಡಿಸಿದೆ. ಅದೂ ಎಡಕ್ಕೆ ಮಾತ್ರ.

ಬೇರೆ ಯಾರಾದರೂ ಆಗಿದ್ದರೆ ಆವತ್ತೇ ಹೊಟ್ಟೆ ಮುಟ್ಟಿ ನೋಡಿಕೊಳ್ಳುತ್ತಿದ್ದರು. ಟೈಲರಿಗೆ ಮಾತ್ರ ಅದು ಹೊಳೆಯುವುದಿಲ್ಲ. ನನಗೆ ಕೆಲಸ ಕಲಿಸಿದ ಸೋದರಮಾವ ಹೇಳುತ್ತಿದ್ದದ್ದು ನಿನಗೂ ಗೊತ್ತು: ‘ಗಿರಾಕಿಯ ಮೈಯಲ್ಲಿ ತಪ್ಪು ಹುಡುಕಬೇಡ ಕಣೋ, ಬಟ್ಟೆಯಲ್ಲಿ ಹುಡುಕು.’ ಒಂದು ಭುಜ ಇಳಿದವನಿಗೆ ಒಳಗೆ ಮೆತ್ತೆ ಇಟ್ಟು ಹೊಲಿಯುತ್ತೇವೆ, ಬೆನ್ನು ಬಾಗಿದವನಿಗೆ ಹಿಂದಿನ ಉದ್ದ ಹೆಚ್ಚಿಸುತ್ತೇವೆ, ಬಾಯಿಬಿಟ್ಟು ಏನೂ ಹೇಳುವುದಿಲ್ಲ. ಬದುಕಿಡೀ ಮಾಡಿದ್ದು ಅದೇ ಕೆಲಸ. ನನ್ನ ಮೈ ಎದುರಿಗೆ ಬಂದಾಗಲೂ ಗಿರಾಕಿಗೆ ಕೊಡುವ ಮರ್ಯಾದೆಯನ್ನೇ ಕೊಟ್ಟೆ.

ಕೊನೆಗೆ ಡಾಕ್ಟರ ಹತ್ತಿರ ಹೋದದ್ದು ಹೊಟ್ಟೆಗಾಗಿ ಅಲ್ಲ, ಕಾಲಿಗಾಗಿ. ಎಡತೊಡೆ ಜೋಮು ಹಿಡಿಯಲು ಶುರುವಾಯಿತು, ಪೆಡಲಿನ ಮೇಲೆ ಕಾಲಿದೆಯೋ ಇಲ್ಲವೋ ತಿಳಿಯದಂತಾಯಿತು. ನಮ್ಮ ಬೀದಿಯ ಕ್ಲಿನಿಕ್ಕಿಗೆ ಹೊಸದಾಗಿ ಬಂದಿರುವ ಡಾಕ್ಟರು ಚಿಕ್ಕ ವಯಸ್ಸಿನವನು, ಕಾಲಿಗೊಂದು ಮಾತ್ರೆ ಬರೆದುಕೊಡುತ್ತಾನೆ ಎಂದುಕೊಂಡಿದ್ದೆ. ಅವನು ಮಂಚದ ಮೇಲೆ ಮಲಗಿಸಿ ಹೊಟ್ಟೆ ಒತ್ತಿದ. ಅಲ್ಲಿಯವರೆಗೆ ನನ್ನ ಜೊತೆ ತಮಾಷೆ ಮಾಡುತ್ತಿದ್ದವನು ಅದೇ ಜಾಗವನ್ನು ಮತ್ತೆ ಮತ್ತೆ ಒತ್ತಿ ನೋಡಿ, ಸ್ಕ್ಯಾನಿಗೆ ಚೀಟಿ ಬರೆದುಕೊಟ್ಟ.

ಸ್ಕ್ಯಾನಿನಲ್ಲಿ ಕಂಡದ್ದನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ, ಗಾಬರಿಯಾಗಬೇಡ. ಕರುಳುಗಳ ಹಿಂದೆ, ಬೆನ್ನಿನ ಮಾಂಸದ ಮುಂದೆ, ಕಿಡ್ನಿಗಳು ಕೂತಿರುವ ಒಂದು ಜಾಗವಿದೆಯಂತೆ. ಅಲ್ಲಿ ಗಡ್ಡೆ ಬೆಳೆದರೆ ಬೇಕಾದಷ್ಟು ಸ್ಥಳ, ಕೇಳುವವರಿಲ್ಲ. ನೋವಿಲ್ಲ, ಜ್ವರವಿಲ್ಲ. ಕರುಳನ್ನು ಮುಂದಕ್ಕೆ ತಳ್ಳುತ್ತಾ ತಾನು ಹಿಂದೆ ಆರಾಮವಾಗಿ ಬೆಳೆಯುತ್ತದೆ. ನನ್ನದು ಎಡಗಡೆ, ಕಿಡ್ನಿಯನ್ನು ಸುತ್ತಿಕೊಂಡು, ದೊಡ್ಡ ಕುಂಬಳಕಾಯಿಯಷ್ಟಿದೆ. ನಮ್ಮೂರಿನ ಆಸ್ಪತ್ರೆಯ ಸರ್ಜನ್ನು ನಾಳಿದ್ದೇ ಕುಯ್ದು ತೆಗೆಯೋಣ ಎಂದರು. ಕ್ಲಿನಿಕ್ಕಿನ ಡಾಕ್ಟರು ಮಾತ್ರ ನನ್ನನ್ನು ಬದಿಗೆ ಕರೆದು, ‘ದಯವಿಟ್ಟು ಇಲ್ಲಿ ಬೇಡ. ಇದು ತುಂಬಾ ಅಪರೂಪದ್ದು. ಮೊದಲನೇ ಆಪರೇಷನ್ನೇ ಸರಿಯಾಗಿ ಆಗ್ಬೇಕು, ಇದನ್ನ ಮೇಲಿಂದ ಮೇಲೆ ನೋಡೋ ಕಡೆ ಹೋಗಿ’ ಎಂದು ದೊಡ್ಡ ಆಸ್ಪತ್ರೆಗೆ ತಾನೇ ಫೋನು ಮಾಡಿ ಕಳಿಸಿದ.

ಅಲ್ಲಿ ಮೊದಲು ಸ್ಕ್ಯಾನು ನೋಡುತ್ತಲೇ ಬೆನ್ನಿನ ಕಡೆಯಿಂದ ಸೂಜಿ ಹಾಕಿ ಗಡ್ಡೆಯ ಚೂರು ತೆಗೆದರು. ಮುಂದಿನಿಂದ ಹಾಕಿದರೆ ಹೊಟ್ಟೆಯೊಳಗೆ ಗಡ್ಡೆಯ ಬೀಜ ಚೆಲ್ಲಿದಂತಾಗಬಹುದಂತೆ. ವರದಿ ಬಂದ ಮೇಲೆ ಸ್ಕ್ಯಾನ್ ಓದುವವರು, ಚೂರನ್ನು ಪರೀಕ್ಷೆ ಮಾಡಿದವರು, ಔಷಧದವರು, ರೇಡಿಯೇಷನ್ ಕರೆಂಟು ಕೊಡುವವರು, ಕತ್ತರಿಸುವವರು ಎಲ್ಲರೂ ಒಂದೇ ಮೇಜಿನ ಸುತ್ತ ಕೂತು ನನ್ನ ವಿಷಯ ಮಾತಾಡಿದರು. ನಮ್ಮ ಮದುವೆಗೂ ಅಷ್ಟು ಜನ ತಲೆ ಕೆಡಿಸಿಕೊಂಡಿರಲಿಲ್ಲ. ಗಡ್ಡೆ ಹುಟ್ಟಿದ್ದು ಕೊಬ್ಬಿನಿಂದಲೇ ಅಂತೆ. ಕೊಬ್ಬು ಬಂದಿದೆ ಎಂದು ನಗುತ್ತಿದ್ದ ಬೀದಿಯವರು ಪೂರ್ತಿ ಸುಳ್ಳು ಹೇಳಿರಲಿಲ್ಲ. ಆದರೆ ಇದು ಕ್ಯಾನ್ಸರು. ಬರೆಯುವಾಗ ಈ ಪದದ ಹತ್ತಿರ ಪೆನ್ನು ತುಂಬ ಹೊತ್ತು ನಿಂತಿತು.

ಆಪರೇಷನ್ ಮಾಡುವವರು ಹೆಂಗಸು. ಮಾತು ಕಮ್ಮಿ, ಕೈ ಬೆರಳು ಉದ್ದ. ಗಡ್ಡೆಯನ್ನು ಒಡೆಯದೆ, ಚೂರು ಮಾಡದೆ, ಸುತ್ತಲಿನದೆಲ್ಲದರ ಜೊತೆ ಇಡಿಯಾಗಿ ತೆಗೆಯುತ್ತಾರಂತೆ. ಅದರ ಜೊತೆ ಎಡಗಡೆಯ ಕಿಡ್ನಿ, ದೊಡ್ಡ ಕರುಳಿನ ಒಂದು ತುಂಡು, ಬೆನ್ನಿನ ಸ್ವಲ್ಪ ಮಾಂಸವೂ ಹೋಗುತ್ತದೆ. ಬಲಗಡೆಯ ಕಿಡ್ನಿ ಗಟ್ಟಿಮುಟ್ಟಾಗಿದೆಯೆಂದು ಪರೀಕ್ಷೆ ಮಾಡಿ ನೋಡಿದ್ದಾರೆ. ಚೆನ್ನಾಗಿರುವ ಕಿಡ್ನಿಯನ್ನು ಯಾಕೆ ತೆಗೆಯಬೇಕು ಎಂದು ಕೇಳಿದೆ. ಅಂಚಿಗೇ ಕತ್ತರಿಸಿದರೆ ಕಣ್ಣಿಗೆ ಕಾಣದ್ದು ಒಳಗೇ ಉಳಿಯುತ್ತದೆ ಎಂದರು. ಗುರುತು ಹಾಕಿದ ಗೆರೆಯ ಮೇಲೆಯೇ ನಾನು ಯಾವತ್ತೂ ಕತ್ತರಿ ಆಡಿಸಿದವನಲ್ಲ, ಆಚೆಗೆ ಸ್ವಲ್ಪ ಬಟ್ಟೆ ಬಿಟ್ಟೇ ಕತ್ತರಿಸುತ್ತೇನೆ, ಆದ್ದರಿಂದ ಎರಡನೇ ಸಲ ಕೇಳಲಿಲ್ಲ. ಆಮೇಲೂ ಅದು ಅದೇ ಜಾಗದಲ್ಲಿ ಮತ್ತೆ ಬರಬಹುದಂತೆ. ವರ್ಷಗಟ್ಟಲೆ ಆಗಾಗ ಸ್ಕ್ಯಾನು ಮಾಡಿಸುತ್ತಿರಬೇಕು. ಗುಣವಾಗುತ್ತದೆಯೇ ಎಂದು ಕೇಳಿದ್ದಕ್ಕೆ, ‘ಆಗ್ಲಿ ಅಂತಲೇ ಇಷ್ಟು ದೊಡ್ಡದಾಗಿ ಮಾಡ್ತಿದೀವಿ. ಮಾತು ಕೊಡೋಕೆ ನನ್ನಿಂದ ಆಗಲ್ಲ’ ಎಂದರು. ಸುಳ್ಳು ಹೇಳಲಿಲ್ಲವೆಂದು ಅವರ ಮೇಲೆ ನಂಬಿಕೆ ಬಂತು.

ಆಸ್ಪತ್ರೆಯಲ್ಲಿ ಕಷ್ಟವಾದದ್ದು ಸೂಜಿಯಲ್ಲ, ಕಾಯುವುದು. ಎಲ್ಲರೂ ಜೋಡಿಯಾಗಿ ಬಂದಿರುತ್ತಾರೆ. ಒಬ್ಬರು ಕೆಮ್ಮಿದರೆ ಇನ್ನೊಬ್ಬರು ನೀರಿನ ಬಾಟಲಿ ತೆರೆಯುತ್ತಾರೆ. ನನ್ನ ಪಕ್ಕದ ಕುರ್ಚಿಯಲ್ಲಿ ನನ್ನ ಚೀಲ ಕೂತಿರುತ್ತದೆ. ಸ್ಕ್ಯಾನಿಗೆ ಕರೆದಾಗ, ಉಂಗುರ, ವಾಚು ಬಿಚ್ಚಿ ಜೊತೆಗಿರುವವರ ಕೈಗೆ ಕೊಟ್ಟು ಬನ್ನಿ ಎಂದರು. ಕೊಡಲು ಯಾರೂ ಇರಲಿಲ್ಲ. ಎದುರಿಗೆ ಕೂತಿದ್ದ ಒಬ್ಬ ಮುದುಕಿ ನನ್ನ ಮುಖ ನೋಡಿ ಏನೂ ಕೇಳದೆ ಕೈ ಚಾಚಿದಳು. ಹೊರಗೆ ಬಂದು ನೋಡಿದರೆ ಉಂಗುರವನ್ನು ಹಿಡಿಯಲ್ಲಿ ಬಿಗಿಯಾಗಿ ಹಿಡಿದುಕೊಂಡೇ ಕೂತಿದ್ದಳು, ಅಂಗೈಯಲ್ಲಿ ಅದರ ಅಚ್ಚು ಬಿದ್ದಿತ್ತು. ನಮ್ಮ ಮದುವೆಯ ಉಂಗುರ ಅದು, ಅವಳಿಗೆ ಏನಾಗಬೇಕು ಹೇಳು. ಅವಳಿಗೆ ಕೈ ಮುಗಿದು ಬಂದೆ.

ಮನೆಯಲ್ಲಿ ಎಲ್ಲ ಇದ್ದಲ್ಲೇ ಇದೆ. ಮಂಚದ ಮೇಲೆ ನೀನು ಮಲಗುವ ಕಡೆ ಗಿರಾಕಿಗಳ ಬಟ್ಟೆ ಮಡಚಿ ಇಟ್ಟಿದ್ದೇನೆ, ಖಾಲಿ ನೋಡಲಾಗುವುದಿಲ್ಲ. ಊಟ ನಿಂತುಕೊಂಡೇ ಮುಗಿಸುತ್ತೇನೆ. ಅಂಗಡಿಯ ತಲೆಯಿಲ್ಲದ ಗೊಂಬೆಯ ಜೊತೆ ಈಚೆಗೆ ಮಾತಾಡತೊಡಗಿದ್ದೇನೆ. ನಿನ್ನಷ್ಟು ಎದುರು ಮಾತಾಡುವುದಿಲ್ಲ, ಅದೊಂದು ಕೊರತೆ. ವಿಡಿಯೋದಲ್ಲಿ ನಿನ್ನ ಜೊತೆ ಮಾತಾಡುವಾಗ ಫೋನನ್ನು ಮುಖದ ಹತ್ತಿರ ಹಿಡಿಯುತ್ತೇನೆ. ನೀನು, ‘ದೂರ ಹಿಡೀರಿ, ಮೂಗೊಂದೇ ಕಾಣ್ತಿದೆ’ ಎಂದು ನಗುತ್ತೀಯ. ದೂರ ಹಿಡಿದರೆ ನಿನಗೆ ಗೊತ್ತಾಗಿಬಿಡುತ್ತದೆ.

ಈಗ ನನ್ನ ಮಾತು ಕೇಳು. ನೀನು ಬರುವುದು ಬೇಡ. ಮಗಳು ಇನ್ನೂ ಗೋಡೆ ಹಿಡಿದು ನಡೆಯುತ್ತಿದ್ದಾಳೆ, ಅಳಿಯನಿಗೆ ರಜೆಯಿಲ್ಲ, ಪುಟ್ಟಿಗೆ ನಿನ್ನ ಎದೆಯ ಮೇಲೆ ಮಾತ್ರ ನಿದ್ದೆ ಹತ್ತುತ್ತದೆ. ಅಲ್ಲಿ ಮೂರು ಜೀವ, ಇಲ್ಲಿ ಒಂದು. ಆಸ್ಪತ್ರೆಯಲ್ಲಿ ನೋಡಿಕೊಳ್ಳಲು ನರ್ಸುಗಳಿದ್ದಾರೆ. ಆಪರೇಷನ್ ದಿನ ಹೊರಗೆ ಕೂತಿರಲು ನಮ್ಮ ಮೇಲಿನ ಮಹಡಿಯ ಮೇಷ್ಟ್ರು ಒಪ್ಪಿದ್ದಾರೆ, ಪಾಪ, ಅವರಿಗೆ ರಕ್ತ ಕಂಡರೆ ಆಗುವುದಿಲ್ಲ, ಆದರೂ ಒಪ್ಪಿದ್ದಾರೆ. ನೀನು ಅಲ್ಲಿಂದಲೇ ಧೈರ್ಯವಾಗಿರು, ನನಗೆ ಅಷ್ಟು ಸಾಕು. ಮಗಳಿಗೆ ಸದ್ಯಕ್ಕೆ ಹೇಳಬೇಡ, ಹಾಲು ಬತ್ತಿಹೋದೀತು.

ಅವಳಿಗೆ ನನ್ನ ಆಶೀರ್ವಾದ. ಅಳಿಯನಿಗೆ ಕೇಳಿದೆನೆಂದು ಹೇಳು. ಮಕ್ಕಳಿಬ್ಬರ ಅಂಗಾಲಿಗೂ ಅಜ್ಜನ ಲೆಕ್ಕದಲ್ಲಿ ಒಂದೊಂದು ಮುತ್ತು ಕೊಡು. ನಿನ್ನ ಮೊಣಕಾಲಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ.

ಎಂದಿಗೂ ನಿನ್ನವನೇ ಆದ,
ಟೈಲರು

ಅವಸರದಲ್ಲಿ: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದು ಬರೆಯುತ್ತಿದ್ದೇನೆ. ಆಪರೇಷನ್ ಬರುವ ತಿಂಗಳ ಮೊದಲ ಬುಧವಾರ. ಈ ಪತ್ರ ತರುತ್ತಿರುವವರು ನಮ್ಮ ಮೂಲೆಯ ಮೆಡಿಕಲ್ ಶಾಪಿನವರು, ಅಲ್ಲಿರುವ ತಮ್ಮನ ಮನೆಗೆ ಬರುತ್ತಿದ್ದಾರೆ. ಆಪರೇಷನ್ನಿಗೆ ಮುಂಚಿನ ಶನಿವಾರ ವಾಪಸು ಹೊರಡುತ್ತಾರೆ. ನಿನಗೆ ಒಬ್ಬಳೇ ವಿಮಾನ ಹತ್ತಲು ಭಯವೆಂದು ಅವರಿಗೆ ಹೇಳಿದ್ದೇನೆ, ಪಕ್ಕದಲ್ಲೇ ಕೂರಿಸಿಕೊಂಡು ಕರೆತರುತ್ತಾರೆ. ಮೇಲೆ ಬರೆದ ಕಾರಣಗಳೆಲ್ಲ ಸರಿಯಾಗಿಯೇ ಇವೆ, ಒಂದೂ ಸುಳ್ಳಲ್ಲ. ಆದರೂ ಬಾ. ನನಗೆ ತುಂಬ ಭಯವಾಗುತ್ತಿದೆ ಕಣೇ.