ಈ ಸಲ ಕಾಫಿಯ ಎಡೆ

ಮೈ ಡಿಯರ್ ಅನಸೂಯ,

ಇವತ್ತು ಕಾರಿನ ಇನ್ಶೂರೆನ್ಸ್‌ಗೆಂದು ರಾಬರ್ಟ್‌ಸನ್‌ಪೇಟೆಗೆ ಹೋಗಿದ್ದೆ. ಏಜೆಂಟ್ ದಿಲೀಪ ನನ್ನ ಮುಖ ನೋಡಿ ನಕ್ಕ. "ಎಪ್ಪತ್ತು ದಾಟೈತೆ, ಮೇಲೆ ಕುಡ್ದು ಓಡ್ಸಿದ ಕೇಸು. ಫುಲ್ ಇನ್ಶೂರೆನ್ಸ್ ಯಾವ ಕಂಪನಿನೂ ಕೊಡಲ್ಲ ಸಾರ್. ಕಾರು ಮಾರ್ಬಿಟ್ಟು ಆಟೋದಾಗೆ ಓಡಾಡಿ," ಅಂದ.

ನಾನು ಬಿಡಲಿಲ್ಲ. "ಲೇ, ಐ ಯಾಮ್ ನಾಟ್ ಎ ಡ್ರಂಕರ್ಡ್ ಕಣ್ಲಾ! ಓದ್ವರ್ಷ ಮಾಲಯ ಅಮಾಸೆಗೆ ನಮ್ಮಪ್ಪನ ಎಡೆಗಿಟ್ಟ ಬ್ರಾಂದಿ ಅದು. ಪ್ರಸಾದ ಬ್ಯಾಡ ಅನ್ನಕ್ಕಾಯ್ತದಾ?"

"ಪ್ರಸಾದ ಅಂದ್ರೆ ಒಂದು ಮುಚ್ಚಳ ಸಾರ್, ಕ್ವಾರ್ಟರ್ ಅಲ್ಲ."

ಕೋರ್ಟಿನಲ್ಲೂ ಇದನ್ನೇ ಅಂದಿದ್ದರು. ಕೊನೆಗೆ ಥರ್ಡ್ ಪಾರ್ಟಿ ಮಾತ್ರ ಸಿಕ್ಕಿತು. ನಾನು ಗುದ್ದಿದರೆ ಎದುರಿನವನಿಗೆ ಪರಿಹಾರ, ನನ್ನ ಕಾರಿಗೆ ಏನೂ ಇಲ್ಲ. ಸಾಕು. ಬಂಗಾರಪೇಟೆಯವರೆಗೆ ನಾನೇ ಓಡಿಸಿಕೊಂಡು ಬಂದೆ. ಪೊಲೀಸರು ನನ್ನನ್ನು ಹಿಡಿದಿದ್ದ ಜಾಗದಲ್ಲಿ ಹಾರ್ನ್ ಬೇರೆ ಹೊಡೆದೆ.

ಅವತ್ತು ನೀನು ಕಾರಿನ ಕೀಯನ್ನು ಅಕ್ಕಿ ಡಬ್ಬಿಯಲ್ಲಿ ಬಚ್ಚಿಟ್ಟಿದ್ದೆಯಲ್ಲ, ನಾನು ಹುಡುಕಿ ತೆಗೆದೆನಲ್ಲ. ಈಗ ನಾನೇ ಅಲ್ಲಿಡುತ್ತೇನೆ.

ಮುಂದಿನ ವಾರ ಮತ್ತೆ ಮಹಾಲಯ ಅಮಾವಾಸ್ಯೆ. ಈ ಸಲ ಅಪ್ಪನ ಪಕ್ಕ ನಿನಗೂ ಎಡೆ. ನಿನಗೆ ಕಾಫಿ ಇಡುತ್ತೇನೆ, ಲೋಟದ ತುಂಬ. ಅಷ್ಟನ್ನೂ ನಾನೇ ಕುಡಿದು ಕಾರು ತೆಗೆಯುತ್ತೇನೆ. ಯಾವ ಪೊಲೀಸಿನವನು ಊದಿಸುತ್ತಾನೋ ಊದಿಸಲಿ.