ಅಣ್ಣನ ಹಿಟ್ಟು ತಿಂದ ಮೀನು

ಕೊಳದ ಮನೆ
ಜೂನ್ ೧೨, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತೇ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಆ ಮೀನಿನ ಆಹಾರ ಮಾಡುವ ಗಿರಣಿಯವರಿಗೆ ನಿನ್ನ ಮೀನಿನ ಪುರಾಣ ಹೇಳುತ್ತಾ ಮರೆತುಬಿಡುತ್ತೀಯೋ? ನಿನ್ನ ಫೋನು ಕೊಳಕ್ಕೆ ಬಿದ್ದು ಸತ್ತಿರುವುದರಿಂದ ಈ ಪತ್ರವನ್ನು ಮೀನಿನ ವ್ಯಾನಿನವರ ಕೈಲಿ ಕಳಿಸುತ್ತಿದ್ದೇನೆ. ಸಂಜೆಯೊಳಗೆ ನಿನಗೆ ಮುಟ್ಟಿಸುತ್ತೇವೆಂದು ಒಪ್ಪಿಕೊಂಡಿದ್ದಾರೆ.

ಇವತ್ತು ಬೆಳಿಗ್ಗೆ ಎರಡೂ ಕೊಳಗಳಿಗೆ ಬಲೆ ಹಾಕಿಸಿದೆವು. ಅಣ್ಣಾ, ನನಗಿನ್ನೂ ನಂಬಲಾಗುತ್ತಿಲ್ಲ! ಒಂದೇ ದಿನ ಬಿಟ್ಟ, ಒಂದೇ ಅಳತೆಯ ಕ್ಯಾಟ್‌ಫಿಶ್ ಮರಿಗಳಲ್ಲವೇ? ಮೀನು ಪುಡಿ ಬೆರೆಸಿದ ಅಂಗಡಿಯ ಆಹಾರ ತಿಂದವು ಗೇಣುದ್ದ ಆಗಿವೆ. ಮೀನು ಪುಡಿಯೇ ಇಲ್ಲದ, ಬರೀ ಸೋಯಾ ಹಿಂಡಿ, ತೌಡು, ಜೋಳದ ಹಿಟ್ಟಿನ ನಿನ್ನ ಉಂಡೆ ತಿಂದವು ಮೊಳದುದ್ದ! ಬಲೆಯವನು ಬಲೆ ಎತ್ತಲಾರದೆ ಕೆಸರಿನಲ್ಲಿ ಕೂತುಬಿಟ್ಟ. ತಕ್ಕಡಿ ಕೆಟ್ಟಿದೆಯೆಂದು ಅಪ್ಪ ಪಕ್ಕದ ಮನೆಯದನ್ನು ತರಿಸಿದರು. ಅದೂ ಅದನ್ನೇ ಹೇಳಿತು. "ಹಿಂಡಿ ತಿಂದು ಮೀನು ದಪ್ಪ ಆಗೋದಾದ್ರೆ ನಾನೂ ಅದನ್ನೇ ತಿಂತೀನಿ" ಎಂದು ಅಪ್ಪ ನಿನ್ನನ್ನು ಅಣಕಿಸಿದ್ದರಲ್ಲ, ಈಗ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ನಿನ್ನ ಮೀನು ತೋರಿಸುತ್ತಿದ್ದಾರೆ. ನಾಳೆ ಗಿರಣಿಯವರು ಕರೆದಿರುವ ಸಭೆಯಲ್ಲಿ ಅಷ್ಟು ಜನ ಮೀನು ಸಾಕುವವರ ಮುಂದೆ ನಿನ್ನ ಹಿಟ್ಟಿನ ಬಗ್ಗೆ ಎದೆಯುಬ್ಬಿಸಿ ಹೇಳು.

ನಿನ್ನ ಕೊಳದ ಆ ಮೀಸೆಯ ಮೀನುಗಳಿಗೆ ಸೊಕ್ಕೂ ಬಂದಿದೆ. ದಿನಾ ಉಂಡೆ ಹಾಕುವ ನಾನು ಹೋದರೆ ಒಂದೂ ತಲೆ ಎತ್ತುವುದಿಲ್ಲ. ಅಮ್ಮ ದಡದ ಮೇಲೆ ನಡೆದರೆ ಸಾಕು, ನೀರು ಕೊತಕೊತ ಕುದಿಯುತ್ತದೆ. ನಾಯಿಯೊಂದು ಮಾತ್ರ ಬಡಕಲಾಗಿದೆ. ಅಮ್ಮ ಅದಕ್ಕೆಂದು ಕೋಳಿ ಅಂಗಡಿಯಿಂದ ದಿನಾ ಬಕೆಟ್ ತುಂಬಾ ಕರುಳು, ಈಲಿ ತರುತ್ತಾರೆ. ಆದರೂ ಮೈ ಹತ್ತುತ್ತಿಲ್ಲ, ಹೊಟ್ಟೆಯಲ್ಲಿ ಹುಳ ಇರಬೇಕು.

ಅಪ್ಪ, ಅಮ್ಮ ಆಶೀರ್ವಾದ ತಿಳಿಸಿದ್ದಾರೆ. ಬೇಗ ಬಾ.

ನಿನ್ನ ಬಾಯಿಬಡುಕಿ ತಂಗಿ

ಮತ್ತೆ ಸೇರಿಸಿದ್ದು: ಅಯ್ಯೋ ಅಣ್ಣಾ, ವ್ಯಾನು ಹೊರಟು ನಿಂತಿದೆ. ಲಕೋಟೆಗೆ ಅಂಟು ಹುಡುಕುತ್ತಾ ಕೊಳದ ಕಡೆ ಹೋದೆ. ಅಮ್ಮ ನಾಯಿಯ ಬಕೆಟ್ಟನ್ನು ನಿನ್ನ ಕೊಳಕ್ಕೆ ಸುರಿಯುತ್ತಿದ್ದರು. ಕೇಳಿದರೆ, "ಮರಿ ಬಿಟ್ಟಾಗಿಂದ ಹಾಕ್ತಿದೀನಿ ಕಣೆ. ಆ ಕೊಳದವಕ್ಕೆ ಒಳ್ಳೇ ಊಟ, ಇವಕ್ಕೆ ಬರೀ ಹಿಂಡಿ. ಪಾಪ, ಬಾಯಿ ಬಿಟ್ಕೊಂಡು ನೋಡ್ತಿದ್ವು. ನಿಮ್ಮಣ್ಣಂಗೆ ಹೇಳ್ಬೇಡ, ಬೇಜಾರು ಮಾಡ್ಕೋತಾನೆ" ಅಂದರು. ನಾಳೆ ನಿನ್ನ ಹಿಟ್ಟನ್ನು ಹೊಗಳಬೇಡ ಅಣ್ಣಾ, ದಮ್ಮಯ್ಯ. ಅದನ್ನು ನಂಬಿದವರ ಕೊಳಕ್ಕೆಲ್ಲ ಬಕೆಟ್ ಹಿಡಿದು ನಮ್ಮ ಅಮ್ಮ ಬರುವುದಿಲ್ಲ.