ಹಳದಿ ಹೂವಿನ ಕಳೆ

ಜೂನ್ ೪
ಗಾರ್ಮೆಂಟ್ಸ್‌ನಲ್ಲಿ ಗುಂಡಿತೂತು ಹೊಲಿಯುವ ನನ್ನ ಕಾಜಾ ಮೆಷಿನ್ ಮತ್ತೆ ಕೈಕೊಟ್ಟಿತು. ಸೂಪರ್‌ವೈಸರ್ ಮುಖ ಗಂಟಿಕ್ಕಿಕೊಂಡೇ ಅರ್ಧ ದಿನ ರಜೆ ಕೊಟ್ಟ. ಆಸ್ಪತ್ರೆಗೆ ಓಡಿದೆ. ಇವರ ಕಾಮಾಲೆ ಇಳಿದಿಲ್ಲ. ಡಾಕ್ಟರು ನನ್ನೊಬ್ಬಳನ್ನೇ ಹೊರಗೆ ಕರೆದು ಕೇಳಿದರು, “ಸೊಪ್ಪು, ಕಷಾಯ ಏನಾದ್ರೂ ಕುಡೀತಿದ್ರಾ?”

ಕುಡಿಯುತ್ತಿದ್ದರಲ್ಲ! ನಾದಿನಿ ಒಣಗಿಸಿ ತಂದುಕೊಡುವ ಎಲೆ. ರಸ್ತೆಬದಿಯ ಹಳದಿ ಹೂವಿನ ಕಳೆ. ರಕ್ತ ಶುದ್ಧಿಯಾಗುತ್ತದಂತೆ, ಅವಳ ತಲೆ. ಅಂಥದ್ದರಲ್ಲೇ ಒಂದು ಜಾತಿ ಲಿವರನ್ನು ಹಾಳುಮಾಡುತ್ತದೆ ಎಂದರು ಡಾಕ್ಟರು. ಆ ವಿಷವೇ ಆಗಿದ್ದರೆ, ನಿಲ್ಲಿಸಿದ ಮೇಲೆ ಚೇತರಿಸಿಕೊಳ್ಳಬಹುದು. ಅಲ್ಲವಾದರೆ ಸ್ಕ್ಯಾನಿನಲ್ಲಿ ಕಂಡದ್ದು ಕ್ಯಾನ್ಸರ್ ಗಡ್ಡೆಯೇ ಇರಬೇಕಂತೆ... ಇವರಿಗೆ ಹೇಳಿಲ್ಲ.

ಸಂಜೆ
ನಾದಿನಿಗೆ ಫೋನಿನಲ್ಲೇ ಬಾಯಿಗೆ ಬಂದಂತೆ ಬೈದೆ. “ಅಣ್ಣಂಗೆ ನಾನು ವಿಷ ಹಾಕ್ತೀನಾ ಅತ್ತಿಗೆ?” — ಅತ್ತಳು. ಫೋನ್ ಇಟ್ಟುಬಿಟ್ಟೆ. ಇವರಿಗೆ ತಮಾಷೆ. “ಬಿಡೇ, ಚಿಕ್ಕಂದಿನಿಂದ ನಾನು ಅವಳ ಆಡು. ಏನು ಕೊಟ್ರೂ ಮೇಯ್ತೀನಿ.”

ಜೂನ್ ೭
ಡಾಕ್ಟರು ಕಳಿಸಿದ್ದ ಕಾಲೇಜಿನ ಸಸ್ಯಶಾಸ್ತ್ರದ ಮೇಡಂ ಒಣ ಎಲೆ ತಿರುಗಿಸಿ ನೋಡಿದರು. “ಈ ಪುಡಿಯಾದ ಎಲೆ ನೋಡಿ ಹೇಳೋಕಾಗಲ್ಲಮ್ಮ. ಹೂವಿರೋ ಗಿಡ ಬೇಕು. ಒಂಟಿ ಹೂ, ದಂಟು ಟೊಳ್ಳು, ಮುರಿದ್ರೆ ಹಾಲು ಬಂದ್ರೆ ಅದು ವಿಷ ಅಲ್ಲ. ಇನ್ನೊಂದು ಕವಲೊಡೆದು ಗೊಂಚಲು ಗೊಂಚಲು ಬಿಡತ್ತೆ, ಹಾಲಿಲ್ಲ. ಅದೇ ಕೆಟ್ಟದ್ದು.”

ಎಲ್ಲಿ ಕಿತ್ತಳೋ ಅವಳಿಗೇ ಗೊತ್ತು. ಯಾವ ಮುಖ ಇಟ್ಟುಕೊಂಡು ಕೇಳಲಿ?

ಜೂನ್ ೧೫
ಕೊನೆಗೂ ಕೇಳಿದೆ. ಮರುಮಾತಾಡದೆ ಬಂದಳು. ಪೆಟ್ರೋಲ್ ಬಂಕಿನ ಹಿಂದಿನ ರಸ್ತೆ. ಲಾರಿ ಧೂಳು. “ದೇವ್ರೇ, ವಿಷ ಆಗದಿರಲಿ, ಆಗದಿರಲಿ” — ದಾರಿಯುದ್ದಕ್ಕೂ ಅವಳದ್ದು ಒಂದೇ ಜಪ. ನನ್ನದು ಒಳಗೊಳಗೇ — ವಿಷವೇ ಆಗಲಪ್ಪಾ, ವಿಷವೇ ಆಗಲಿ. ಹೀಗೂ ಬೇಡಿಕೊಳ್ಳುತ್ತಾರಾ ಯಾರಾದರೂ!

ಅವಳೇ ಬಗ್ಗಿ ಒಂದು ದಂಟು ಮುರಿದಳು. ಟೊಳ್ಳು. ಬೆರಳಿಗೆ ಬಿಳಿ ಹಾಲು ಅಂಟಿತು. ನಾನೊಂದು ಮುರಿದೆ. ಮತ್ತೊಂದು... ಹಾಲೇ. ಸಾಲಿಡೀ ಒಂದೊಂದೇ ಹೂ. ಮೇಡಂಗೆ ಫೋಟೋ ಕಳಿಸಿದೆ. “ಇದು ವಿಷದ ಗಿಡ ಅಲ್ಲ. ನಿಶ್ಚಿಂತೆಯಾಗಿರಿ.”

“ನೋಡಿ ಅತ್ತಿಗೆ, ನಾನಲ್ಲ!” ತಬ್ಬಿಕೊಂಡು ನಕ್ಕಳು, ಅತ್ತಳು. ಪಾಪ, ಗಡ್ಡೆಯ ವಿಷಯ ಅವಳಿಗೂ ಗೊತ್ತಿಲ್ಲ. ನಾನು ಸಾಲಿನ ಕೊನೆಯವರೆಗೂ ಹೋಗಿ ಇನ್ನಷ್ಟು ದಂಟು ಮುರಿದೆ.

ಅದೇ ದಿನ, ವಾರ್ಡಿನಲ್ಲಿ
ನನಗಿಂತ ಮೊದಲು ಓಡಿಬಂದು ಅಣ್ಣನಿಗೆ ಹೇಳಿಬಿಟ್ಟಿದ್ದಾಳೆ. ಅವಳು ನೀರು ತರಲು ಹೋಗುವವರೆಗೂ ಇವರು ನಗುತ್ತಲೇ ಇದ್ದರು. “ಸದ್ಯ, ನನ್ನ ತಂಗಿ ಪಾರಾದಳು!” ಆಮೇಲೆ ನನ್ನ ಮುಖ ನೋಡಿದರು. ನಗು ನಿಂತಿತು.

“ಹಾಗಾದ್ರೆ ನಂಗೆ ಆಗಿರೋದಾದ್ರೂ ಏನೇ?”

ನಾನು ಹೊದಿಕೆ ಸರಿಮಾಡಿದೆ. ಕೈ ಹಿಡಿದುಕೊಂಡು ಇನ್ನೊಮ್ಮೆ ಕೇಳಿದರು. ನಾನು —